ನವಿಲು ಚೆನ್ನಾಗಿದೆ, ನಂಬರ್ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಏಳಕ್ಕೆ, ಅದೂ ಹಳೇ ಬಟ್ಟೆ ಹಾಕಿಕೊಂಡು, ಬೀದಿಯ ಕರೆಂಟ್ ಪೆಟ್ಟಿಗೆಗಳ ಮೇಲೆ ಚಿತ್ರ ಬರೆಯಲು ಇಷ್ಟು ಜನ ಬಂದಿದ್ದೀರಿ. ಬಣ್ಣದ ಡಬ್ಬ ತೆಗೆಯುವ ಮೊದಲು ಸ್ವಲ್ಪ ಮಾತಾಡುತ್ತೇನೆ.

ಮನೆಯಿಂದ ಇಲ್ಲಿಗೆ ಬರುವಾಗ ಎಷ್ಟು ಕರೆಂಟ್ ಪೆಟ್ಟಿಗೆ ದಾಟಿದಿರಿ? ನೆನಪಿಲ್ಲ, ಅಲ್ವಾ? ಅರ್ಧ ಫುಟ್‌ಪಾತ್ ತಿಂದುಕೊಂಡು ನಿಂತಿರುತ್ತವೆ, ಆದರೂ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಪಿಜಿ ಚೀಟಿ, ಪಕ್ಕದಲ್ಲಿ ಎಲೆಅಡಿಕೆ ಉಗುಳು, ಹಿಂದೆ ಕಸದ ಚೀಲ. ಯಾರದ್ದೂ ಅಲ್ಲದ ವಸ್ತುವಿನ ಪಾಡು ಇಷ್ಟೇ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1999ರಿಂದ ಟ್ರಾಫಿಕ್ ಸಿಗ್ನಲ್ ಪೆಟ್ಟಿಗೆಗಳಿಗೆ ಊರಿನವರೇ ಬಣ್ಣ ಬಳಿಯುತ್ತಿದ್ದಾರೆ. ದೊಡ್ಡ ಕಲಾವಿದರೇ ಆಗಬೇಕಿಲ್ಲ. ಜಪಾನಿನ ಕಥೆ ಇನ್ನೂ ಮಜಾ. 1980ರ ದಶಕದಲ್ಲಿ ಅಲ್ಲಿ ಒಳಚರಂಡಿ ಅಂದರೆ ಜನ ಮೂಗು ಮುರಿಯುತ್ತಿದ್ದರು. ದುಡ್ಡೆಲ್ಲ ನೆಲದಡಿ ಹೋಗುತ್ತದೆ, ಕಾಣುವುದು ಮುಚ್ಚಳ ಮಾತ್ರ. ಸರಿ, ಆ ಮುಚ್ಚಳದ ಮೇಲೇ ಆಯಾ ಊರಿನ ಹೂವು, ಮೀನು, ಕೋಟೆ ಮೂಡಿಸಿದರು. ಒಸಾಕಾದ ಮುಚ್ಚಳದಲ್ಲಿ ಒಸಾಕಾ ಕೋಟೆಯೇ ಇದೆ. ಚಿತ್ರದ ಉಬ್ಬುತಗ್ಗಿನಿಂದ ಮಳೆಯಲ್ಲಿ ಗಾಡಿ ಜಾರುವುದೂ ಕಡಿಮೆ. 2016ರಿಂದ ಮುಚ್ಚಳಗಳ ಚಿತ್ರವಿರುವ ಕಾರ್ಡು ಬಂದಿವೆ. ಜನ ಅದಕ್ಕೋಸ್ಕರ ಊರೂರು ಸುತ್ತುತ್ತಾರೆ!

ನಮ್ಮ ಬೆಂಗಳೂರಿಗೆ ಬನ್ನಿ. ಹೆಸರು ಹೇಳಿಕೊಳ್ಳದ 'ದಿ ಅಗ್ಲಿ ಇಂಡಿಯನ್' ಗುಂಪಿನವರು ಬಳಿದ ಫ್ಲೈಓವರ್ ಕಂಬ, ಗೋಡೆ ನೋಡಿರುತ್ತೀರಿ. ಗೋಡೆಯ ಬುಡಕ್ಕೆ ಕೆಂಪು ಪಟ್ಟಿ ಯಾಕೆ ಗೊತ್ತಾ? ಉಗುಳಿದರೂ ಎದ್ದು ಕಾಣುವುದಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಅಜ್ಜಿ ಮನೆಯ ಕೆಮ್ಮಣ್ಣಿನ ಜಗಲಿ ನೆನಪಾಗುತ್ತದೆ. ಗೋಡೆಗೆ ದೇವರ ಟೈಲ್ಸ್ ಅಂಟಿಸುವ ಉಪಾಯವೂ ಇದೆ. ನನಗೆ ಅದು ಹಿಡಿಸುವುದಿಲ್ಲ. ನಮ್ಮ ಗಲೀಜು ಕಾಯುವ ಕೆಲಸಕ್ಕೆ ದೇವರನ್ನು ಯಾಕೆ ನಿಲ್ಲಿಸಬೇಕು?

ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆ ಬೊಂಬೆ ಬಿಟ್ಟಿದ್ದು ನೆನಪಿದೆಯಾ? ದಿನಾ ಗುಂಡಿ ತಪ್ಪಿಸಿಕೊಂಡು ಓಡಾಡುತ್ತಿದ್ದವರೇ ಅವತ್ತು ನಿಂತು ನೋಡಿದರು. ಅಪಾಯವನ್ನು ಬಣ್ಣದಡಿ ಮುಚ್ಚಿಟ್ಟು ನಮ್ಮ ಕೆಲಸ ಅದಕ್ಕೆ ಉಲ್ಟಾ ಆಗಬಾರದು. ಇಲ್ಲಿ ಎರಡು ಪೆಟ್ಟಿಗೆಗಳ ಬಾಗಿಲು ಮುರಿದು ವೈರ್ ಹೊರಗೆ ಬಂದಿದೆ. ಅವನ್ನು ಮುಟ್ಟಲೇಬೇಡಿ. ದೂರು ಕೊಟ್ಟಾಗಿದೆ. ರಿಪೇರಿ ಆಗುವವರೆಗೂ ಅವು ಹಾಗೇ ಕೊಳಕಾಗಿ ಕಾಣಲಿ.

ಈಗ ನನ್ನದೇ ಒಂದು ಎಡವಟ್ಟು. ಮೊದಲ ಸಲ ನಾವು ಬರೆದದ್ದು ನವಿಲು. ತಗಡನ್ನು ಉಜ್ಜಲಿಲ್ಲ, ಬಣ್ಣ ಹಿಡಿಸುವ ಪ್ರೈಮರ್ ಹಚ್ಚಲಿಲ್ಲ, ಸುಮ್ನೆ ಬಳಿದುಬಿಟ್ಟೆವು. ಒಂದು ಮಳೆಗಾಲಕ್ಕೆ ನವಿಲಿನ ಕುತ್ತಿಗೆ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಅದಾದರೂ ಪರವಾಗಿಲ್ಲ. ಒಂದು ರಾತ್ರಿ ಬೀದಿಗೆಲ್ಲ ಕರೆಂಟ್ ಹೋಯಿತು. ಲೈನ್‌ಮ್ಯಾನ್ ಬಂದರು, ಟಾರ್ಚ್ ಬೆಳಕು ಬಿಟ್ಟು ಪೆಟ್ಟಿಗೆಯ ಸುತ್ತ ಎರಡು ಸಲ ಸುತ್ತಿದರು. "ನವಿಲು ಚೆನ್ನಾಗಿದೆ ಸಾರ್, ನಂಬರ್ ಎಲ್ಲಿ?" ಅಂದರು. ಪೆಟ್ಟಿಗೆಯ ನಂಬರ್ ಗರಿಗಳ ಕೆಳಗೆ ಹೋಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ನಮ್ಮ ಗರಿ ಕೆರೆದು ತೆಗೆಯುವುದನ್ನು ನಾನೇ ಟಾರ್ಚ್ ಹಿಡಿದು ನೋಡಬೇಕಾಯಿತು.

ಹಾಗಾಗಿ ಇವತ್ತು ಮೊದಲು ಸೋಪಿನ ನೀರು, ಆಮೇಲೆ ಮರಳು ಕಾಗದ, ಆಮೇಲೆ ಪ್ರೈಮರ್. ನಂಬರಿಗೂ ಅಪಾಯದ ಚಿಹ್ನೆಗೂ ಟೇಪ್ ಅಂಟಿಸಿ. ಗಾಳಿಯಾಡುವ ಸಂದಿಗೆ ಬಣ್ಣ ತುಂಬಬೇಡಿ, ಒಳಗೆ ಬಿಸಿ ಜಾಸ್ತಿಯಾಗುತ್ತದೆ. ಪೆಟ್ಟಿಗೆ ತೆರೆಯುವುದಂತೂ ಬೇಡವೇ ಬೇಡ. ಬರೆಯಲು ಇಲಾಖೆಯ ಒಪ್ಪಿಗೆ ಪತ್ರ ನನ್ನ ಜೇಬಿನಲ್ಲಿದೆ.

ಮೂಲೆಯ ಪೆಟ್ಟಿಗೆಗೆ ಮಲ್ಲಿಗೆ ಬಳ್ಳಿ ಅಂದುಕೊಂಡಿದ್ದೆವು. ಅದರ ಪಕ್ಕ ಬುಟ್ಟಿ ಇಟ್ಟುಕೊಂಡು ಕೂರುವ ಹೂವಿನ ಅಮ್ಮ ಬೇಡ ಅಂದರು. ಬಸ್ಸಿನ ಹೊಗೆಗೆ ಬಿಳಿ ಎರಡು ದಿನ ನಿಲ್ಲಲ್ಲ, ಕನಕಾಂಬರ ಬರೀರಿ ಅಂದರು. ಅದಕ್ಕೇ ನಿನ್ನೆ ಸಂಜೆ ಹೋಗಿ ಕಿತ್ತಳೆ ಬಣ್ಣ ತಂದೆ. ಎಂಟಕ್ಕೆ ಅವರ ಬುಟ್ಟಿ ಬರುತ್ತದೆ, ಅಷ್ಟರಲ್ಲಿ ಆ ಮಗ್ಗುಲು ಉಜ್ಜಿ ಮುಗಿಸಬೇಕು. ಮರಳು ಕಾಗದ ಯಾರ ಹತ್ತಿರ ಇದೆ?