ಗುಂಡಿ ಒತ್ತಿದ್ದು ಯಾರು?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲೊಂದು ಹಳೆಯ ಕ್ಯಾಸೆಟ್ ಇದೆ. ಅದರಲ್ಲಿ ಭಾವಗೀತೆಯ ಎರಡನೇ ಚರಣ ಶುರುವಾಗುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು, ಪ್ಲೇ ಮತ್ತು ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಅದುಮಿ, ಉಸಿರು ಬಿಗಿಹಿಡಿದು ಕೂತವರಿಗೆಲ್ಲ ಇಂಥದೊಂದು ಕುಕ್ಕರೋ ಬೀದಿನಾಯಿಯೋ ನೆನಪಿದ್ದೇ ಇರುತ್ತದೆ. ಹಾಡಿನ ಮೊದಲ ಸಾಲಂತೂ ಸಿಕ್ಕಿದ್ದೇ ಇಲ್ಲ. ಯಾವ ಹಾಡು ಅಂತ ಹೊಳೆದು ಕೈ ಗುಂಡಿಗೆ ಹೋಗುವಷ್ಟರಲ್ಲಿ ಪಲ್ಲವಿ ಅರ್ಧ ಮುಗಿದಿರುತ್ತಿತ್ತು.

ಈಗ ಇನ್ನೊಂದು ಯಂತ್ರದ ಕಥೆ. 2006ರಲ್ಲಿ ಅಮೆರಿಕದಲ್ಲಿ ಪಯನಿಯರ್ ಕಂಪನಿ ಅಂಗೈಯಗಲದ ಒಂದು ರೇಡಿಯೋ ತಂದಿತು. ಹೆಸರು ಇನ್ನೋ. ಕನ್ನಡದ ಕಿವಿಗೆ ‘ಇನ್ನೂ ಬೇಕು’ ಅಂದಂತೆಯೇ ಕೇಳುತ್ತದೆ, ಇರಲಿ. ಬೆಲೆ ಸುಮಾರು 400 ಡಾಲರ್. ಹಿಡಿಯುತ್ತಿದ್ದದ್ದು ಎಕ್ಸ್‌ಎಂ ಅನ್ನುವ ಉಪಗ್ರಹ ರೇಡಿಯೋವನ್ನು. ತಿಂಗಳಿಗೆ 12 ಡಾಲರ್ 95 ಸೆಂಟ್ ಚಂದಾ ಕಟ್ಟಿದವರಿಗೆ ಮಾತ್ರ ಕೇಳಿಸುವ ರೇಡಿಯೋ ಅದು. ಇನ್ನೋದಲ್ಲಿ ಹಾಡು ಅರ್ಧ ಆದಮೇಲೆ ಗುಂಡಿ ಒತ್ತಿದರೂ ಮೊದಲ ಸಾಲಿನಿಂದಲೇ ಪೂರ್ತಿ ಹಾಡು ಒಳಗೆ ಕೂರುತ್ತಿತ್ತು. ಗಂಟೆಗಟ್ಟಲೆ ಪ್ರಸಾರ ತುಂಬಿಸಿಟ್ಟರೆ, ಹಾಡಿನ ಹೆಸರು, ಹಾಡಿದವರ ಹೆಸರು ಸಮೇತ ಪಟ್ಟಿ ಬರುತ್ತಿತ್ತು. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಅಳಿಸಿದರಾಯಿತು. ಒಟ್ಟು 50 ಗಂಟೆಯ ಸಂಗೀತಕ್ಕೆ ಜಾಗ. ‘ಕೇಳಿ, ಒತ್ತಿ, ಉಳಿಸಿ’ ಅನ್ನುವ ಧಾಟಿಯಲ್ಲಿ ಜಾಹೀರಾತೂ ಬಂತು.

ಆ ಜಾಹೀರಾತೇ ಎಕ್ಸ್‌ಎಂ ಕುತ್ತಿಗೆಗೆ ಬಂತು. ಅದೇ ವರ್ಷದ ಮೇ 16ರಂದು ಅಟ್ಲಾಂಟಿಕ್ ರೆಕಾರ್ಡಿಂಗ್ ಮತ್ತಿತರ ದೊಡ್ಡ ಸಂಗೀತ ಕಂಪನಿಗಳು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಎಕ್ಸ್‌ಎಂ ಮೇಲೆ ದಾವೆ ಹೂಡಿದವು. ಹಾಡೊಂದಕ್ಕೆ 1,50,000 ಡಾಲರ್‌ವರೆಗೆ ಪರಿಹಾರ ಕೊಡಿಸಿ ಅಂತ ಕೇಳಿಕೆ. ಅವರ ವಾದ ಸರಳವಾಗಿತ್ತು: ನೀವು ಲೈಸೆನ್ಸ್ ಪಡೆದದ್ದು ಹಾಡು ಕೇಳಿಸುವುದಕ್ಕೆ, ಮಾರುವುದಕ್ಕಲ್ಲ. ಇದು ರೇಡಿಯೋ ವೇಷ ಹಾಕಿದ ಹಾಡಿನಂಗಡಿ.

ಎಕ್ಸ್‌ಎಂ ಕೈಯಲ್ಲಿ ಒಂದು ಗುರಾಣಿ ಇತ್ತು. ಮನೆಯ ಧ್ವನಿಮುದ್ರಣದ ಬಗ್ಗೆಯೇ ಅಮೆರಿಕದಲ್ಲಿ 1992ರ ಕಾನೂನೊಂದಿದೆ. ಸ್ವಂತಕ್ಕೆ ಅಂತ ಹಾಡು ಮುದ್ರಿಸಿಕೊಂಡವರ ಮೇಲಾಗಲಿ, ಅಂಥ ಡಿಜಿಟಲ್ ಯಂತ್ರ ಮಾಡಿ ಹಂಚುವವರ ಮೇಲಾಗಲಿ ಹಕ್ಕುಸ್ವಾಮ್ಯದ ಮೊಕದ್ದಮೆ ಹಾಕುವಂತಿಲ್ಲ ಅನ್ನುತ್ತದೆ ಅದು. ಬದಲಿಗೆ ಯಂತ್ರದ ಬೆಲೆಯಲ್ಲಿ ಶೇಕಡಾ 2ರಷ್ಟು ರಾಯಧನ ಕಟ್ಟಬೇಕು. ಸಂಗೀತದವರೂ ಯಂತ್ರದವರೂ ವರ್ಷಗಟ್ಟಲೆ ಜಗ್ಗಾಡಿ ಮಾಡಿಕೊಂಡ ರಾಜಿಯ ಫಲ ಆ ಕಾನೂನು. ‘ಮುದ್ರಿಸಿಕೊಳ್ಳುವುದು ಕೇಳುಗ, ನಾವಲ್ಲ, ನಾವು ಯಂತ್ರ ಹಂಚಿದವರಷ್ಟೇ’ ಅಂತ ಎಕ್ಸ್‌ಎಂ ಅದರ ಹಿಂದೆ ನಿಂತಿತು. ದಾವೆಯನ್ನು ಹೊಸ್ತಿಲಲ್ಲೇ ವಜಾ ಮಾಡಿ ಅಂತ ಕೇಳಿತು.

2007ರ ಜನವರಿ 19ರಂದು ನ್ಯಾಯಾಧೀಶೆ ಡೆಬೊರಾ ಬ್ಯಾಟ್ಸ್ ಆಗುವುದಿಲ್ಲ ಅಂದರು. ಅವರ ಆದೇಶದ ತಿರುಳು ನನಗೆ ಇಷ್ಟವಾದದ್ದು. ಯಂತ್ರ ಹಂಚುವವರಾಗಿ ಎಕ್ಸ್‌ಎಂಗೆ ರಕ್ಷಣೆ ಸಿಗಬಹುದು. ಆದರೆ ಅದು ಹಾಕಿಕೊಂಡದ್ದು ಒಂದೇ ಟೋಪಿಯಲ್ಲ. ಯಂತ್ರ ಹಂಚುವುದು ಅವರು, ಆಕಾಶದಿಂದ ಹಾಡು ಇಳಿಸುವುದೂ ಅವರೇ, ಚಂದಾ ಹಣ ಹೋಗುವುದೂ ಅವರಿಗೇ. ಯಂತ್ರ ಹಂಚಿದವರು ಅನ್ನುವ ಟೋಪಿಯ ನೆರಳು ಪ್ರಸಾರಕರ ತಲೆಗೂ ಬೀಳುತ್ತದೆ ಅಂತ ಹೇಳುವಂತಿಲ್ಲ. ಪುಕ್ಕಟೆ ರೇಡಿಯೋದಿಂದ ಕ್ಯಾಸೆಟ್ಟಿಗೆ ಹಾಡು ಇಳಿಸಿಕೊಳ್ಳುವುದಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಅಂತಲೂ ಅವರು ಬರೆದರು. ಕ್ಯಾಸೆಟ್‌ನಿಂದ ಸಂಗೀತದ ಮಾರುಕಟ್ಟೆಗೆ ಆಗುವ ಪೆಟ್ಟು ಬೇರೆ, ಇದರಿಂದ ಆಗುವುದು ಬೇರೆ. ನಮ್ಮ ಕುಕ್ಕರ್ ಕ್ಯಾಸೆಟ್ ಕಟಕಟೆ ಹತ್ತದೆಯೇ ಬಚಾವಾಯಿತು ಅನ್ನಿ.

ಆದರೂ ಒಂದು ತಕರಾರು ಉಳಿಯುತ್ತದೆ. ಇನ್ನೋದಲ್ಲಿ ಇಟ್ಟ ಹಾಡು ಅದರಿಂದ ಆಚೆ ಬರುತ್ತಿರಲಿಲ್ಲ. ಸ್ನೇಹಿತರಿಗೆ ಕೊಡುವ ಹಾಗಿಲ್ಲ, ಕಂಪ್ಯೂಟರಿಗೆ ಇಳಿಸುವ ಹಾಗಿಲ್ಲ. ಚಂದಾ ನಿಲ್ಲಿಸಿದರೆ ಹಾಡೂ ಹೋಯಿತು. ಹೀಗಿರುವಾಗ ಇದನ್ನು ಮಾರಾಟ ಅನ್ನುವುದು ಹೇಗೆ? ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದು ಚಿತ್ರ ತೂಗುಹಾಕಿದರೆ ಮನೆ ನಮ್ಮದಾಗುತ್ತದೆಯೇ? ಈ ಮಾತು ಕಡೆಗೂ ತೀರ್ಪಿನವರೆಗೆ ಹೋಗಲೇ ಇಲ್ಲ. 2007ರ ಡಿಸೆಂಬರಿನಲ್ಲಿ ಸಂಗೀತ ಕಂಪನಿಗಳ ಪೈಕಿ ಯೂನಿವರ್ಸಲ್ ರಾಜಿಗೆ ಬಂತು, ಹಿಂದೆಯೇ ವಾರ್ನರ್, ಸೋನಿ ಬಿಎಂಜಿ, 2008ರಲ್ಲಿ ಇಎಂಐ. ಆ ಜುಲೈನಲ್ಲಿ ಎಕ್ಸ್‌ಎಂ ತನ್ನ ಎದುರಾಳಿ ಸಿರಿಯಸ್ ಜೊತೆ ಸೇರಿಹೋಯಿತು. ಇಂಥ ಮುದ್ರಣಕ್ಕೆ ಕಡಿವಾಣ ಹಾಕುವ ಮಸೂದೆಯೂ ಅಮೆರಿಕದ ಸೆನೆಟ್‌ಗೆ ಎರಡು ಬಾರಿ ಬಂದು ಎರಡು ಬಾರಿಯೂ ಕಾನೂನಾಗದೆ ಉಳಿಯಿತು. ಅಷ್ಟೆಲ್ಲ ವಾದದಲ್ಲಿ ಗುಂಡಿ ಒತ್ತಿದ ಕೇಳುಗ ಮಾತ್ರ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಅವನ ಹೆಸರಿನಲ್ಲಿ ಇಬ್ಬರೂ ಮಾತಾಡಿದರು.

ನಮ್ಮ ಕಾನೂನು ಈ ವಿಷಯದಲ್ಲಿ ಕೊಂಚ ಉದಾರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಸ್ವಂತದ ಖಾಸಗಿ ಬಳಕೆಗೆ ಪ್ರಸಾರವನ್ನು ಮುದ್ರಿಸಿಕೊಂಡರೆ ಪ್ರಸಾರಕರ ಹಕ್ಕಿಗೆ ಚ್ಯುತಿಯಿಲ್ಲ.

ಉಪಗ್ರಹ ರೇಡಿಯೋ ನಮ್ಮಲ್ಲಿಗೂ ಬಂದಿತ್ತಲ್ಲ, ವರ್ಲ್ಡ್‌ಸ್ಪೇಸ್. ಎಕ್ಸ್‌ಎಂ ಹುಟ್ಟುವಾಗ ಅದರಲ್ಲಿ ಹಣ ಹೂಡಿದ್ದ ಕಂಪನಿಯೇ. ಕರ್ನಾಟಕ ಸಂಗೀತಕ್ಕೆ ಶ್ರುತಿ, ಕನ್ನಡಕ್ಕೆ ಸ್ಪರ್ಶ ಅನ್ನುವ ವಾಹಿನಿಗಳಿದ್ದವು. ಪಕ್ಕದ ಮನೆಯವರ ಸೆಟ್ಟಿನ ಇಯರ್‌ಫೋನ್ ತೂತಿನಿಂದ ನಮ್ಮ ಟೇಪ್ ರೆಕಾರ್ಡರಿಗೆ ತಂತಿ ಎಳೆದು ಒಂದು ಇಡೀ ಸಂಗೀತ ಕಚೇರಿ ಇಳಿಸಿಕೊಂಡಿದ್ದೆ. ತಂತಿಯಲ್ಲಿ ಬಂದದ್ದರಿಂದ ಅದರಲ್ಲಿ ಕುಕ್ಕರ್ ಇಲ್ಲ, ನಾಯಿಯೂ ಇಲ್ಲ. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ವರ್ಲ್ಡ್‌ಸ್ಪೇಸ್ ನಿಂತಿತು. ಚಂದಾ ಕಟ್ಟಿದ್ದವರ ಸೆಟ್ಟು ಅಟ್ಟ ಸೇರಿತು. ತನಿ ಆವರ್ತನದ ನಡುವೆ ಒಂದು ಕಡೆ ಟೇಪು ಸ್ವಲ್ಪ ಜಗ್ಗುತ್ತದೆ ಅನ್ನುವುದು ಬಿಟ್ಟರೆ, ನನ್ನ ಕ್ಯಾಸೆಟ್ ಇವತ್ತಿಗೂ ಹಾಡುತ್ತದೆ.

ನಮಸ್ಕಾರ.