ಪಬ್ಲಿಕ್ ಕೀ ಲೋಡ್ ಆಗದಿದ್ದಾಗ

ಕೇಳುಗರಿಗೆ ನಮಸ್ಕಾರ. ಯಾರೋ ಕಳಿಸಿದ ಪಬ್ಲಿಕ್ ಕೀಯನ್ನು, ಅಂದರೆ ಗೂಢಲಿಪಿಯಲ್ಲಿ ಎಲ್ಲರಿಗೂ ಕೊಡಬಹುದಾದ ಕೀಯನ್ನು, ಪ್ರೋಗ್ರಾಮಿಗೆ ಕೊಟ್ಟಿರಿ, ‘ಇನ್‌ವ್ಯಾಲಿಡ್ ಕೀ’ ಅಂದುಬಿಟ್ಟಿತು. ಹೊಸ ಕೀ ಕೇಳುವ ಅವಸರ ಬೇಡ. ಎಷ್ಟೋ ಸಲ ಕೀ ಸರಿಯಾಗಿಯೇ ಇರುತ್ತದೆ. ಪ್ರೋಗ್ರಾಮು ಕಾಯುತ್ತಿದ್ದ ಹೊದಿಕೆ, ಅಂದರೆ ಕೀಯನ್ನು ಬರೆದಿಡುವ ಮಾದರಿ, ಬೇರೆ, ಬಂದದ್ದು ಬೇರೆ.

ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಮೊದಲ ಸಾಲು ಓದಿ. ‘ಬಿಗಿನ್ ಪಬ್ಲಿಕ್ ಕೀ’ ಎಂದಿದ್ದರೆ ಅದು ಎಕ್ಸ್ 509 ಮಾದರಿ. ಯಾವ ಅಲ್ಗಾರಿದಮ್ ಎಂಬುದೂ ಅದರೊಳಗೇ ಇರುತ್ತದೆ. ‘ಬಿಗಿನ್ ಆರ್‌ಎಸ್‌ಎ ಪಬ್ಲಿಕ್ ಕೀ’ ಎಂದಿದ್ದರೆ ಆರ್‌ಎಸ್‌ಎ ಎಂಬ ಅಲ್ಗಾರಿದಮ್ಮಿಗೆಂದೇ ಇರುವ ಪಿಕೆಸಿಎಸ್ 1 ಮಾದರಿ. ಅದರಲ್ಲಿ ಎರಡು ಸಂಖ್ಯೆಗಳಷ್ಟೇ. ‘ಬಿಗಿನ್ ಸರ್ಟಿಫಿಕೇಟ್’ ಎಂದಿದ್ದರೆ ಅದು ಕೀಯೇ ಅಲ್ಲ, ಕೀ ಯಾರದೆಂದು ಹೇಳುವ ಪತ್ರ, ಕೀಯನ್ನು ಅದರೊಳಗಿಂದ ತೆಗೆಯಬೇಕು.

ತಲೆಸಾಲನ್ನೇ ಕಿತ್ತು ಕಳಿಸುವವರೂ ಉಂಟು. ಆಗ ಅಕ್ಷರಗಳೇ ಸುಳಿವು. ಕೀಯ ಬೈಟುಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್ 64 ರೀತಿಯಲ್ಲಿ ಅವು ಇರುತ್ತವೆ. 2048 ಬಿಟ್ಟಿನ ಆರ್‌ಎಸ್‌ಎ ಕೀ ಎರಡೂ ಮಾದರಿಯಲ್ಲಿ ‘ಎಂ ಐ ಐ ಬಿ’ ಎಂದೇ ಶುರುವಾಗುತ್ತದೆ. ಐದನೆಯ ಅಕ್ಷರ ‘ಐ’ ಆದರೆ ಎಕ್ಸ್ 509, ‘ಸಿ’ ಆದರೆ ಪಿಕೆಸಿಎಸ್ 1. ಡಿಕೋಡ್ ಮಾಡಿದರೆ ಮೊದಲನೆಯದು 294 ಬೈಟ್, ಎರಡನೆಯದು 270. ಎಕ್ಸ್‌ಪೊನೆಂಟ್, ಅಂದರೆ ಕೀಯ ಎರಡು ಸಂಖ್ಯೆಗಳಲ್ಲಿ ಚಿಕ್ಕದು, ಸಾಮಾನ್ಯವಾಗಿ ಬಳಸುವ 65537 ಆಗಿದ್ದರೆ ಎರಡೂ ‘ಎ ಕ್ಯೂ ಎ ಬಿ’ ಎಂದು ಮುಗಿಯಬೇಕು. ಮುಗಿಯದಿದ್ದರೆ ಕಾಪಿ ಮಾಡುವಾಗ ಬಾಲ ತುಂಡಾಗಿದೆ.

ಜಾವಾದಲ್ಲಿ ಕೆಲಸ ಹೆಚ್ಚು. ತಲೆಸಾಲು, ಕೊನೆಸಾಲು, ಸಾಲುಮುರಿತಗಳನ್ನು ತೆಗೆದು, ಬೇಸ್ 64 ಡಿಕೋಡ್ ಮಾಡಿ, ಬಂದ ಬೈಟುಗಳನ್ನು ‘ಎಕ್ಸ್ 509 ಎನ್‌ಕೋಡೆಡ್ ಕೀ ಸ್ಪೆಕ್’ಗೆ ಕೊಟ್ಟು, ‘ಕೀ ಫ್ಯಾಕ್ಟರಿ’ಯಿಂದ ಕೀ ಪಡೆಯಬೇಕು. ‘ಇಲ್ಲೀಗಲ್ ಬೇಸ್ 64 ಕ್ಯಾರೆಕ್ಟರ್’ ಎಂಬ ದೂರು ಬಂದರೆ ಅದರ ಮುಂದಿನ ಸಂಕೇತ ಓದಿ: ‘2ಡಿ’ ಎಂದರೆ ಅಡ್ಡಗೆರೆ, ಬಹುಶಃ ತಲೆಸಾಲು ಉಳಿದಿದೆ, ಬರೀ ‘ಎ’ ಎಂದರೆ ಸಾಲುಮುರಿತ, ‘5ಎಫ್’ ಎಂದರೆ ಅಂಡರ್‌ಸ್ಕೋರ್, ಅಂದರೆ ಯುಆರ್‌ಎಲ್‌ಗೆಂದು ಮಾಡಿದ ಬೇಸ್ 64, ಅದಕ್ಕೆ ಡಿಕೋಡರೇ ಬೇರೆ. ಡಿಕೋಡ್ ಸುಸೂತ್ರವಾಗಿ ಆಗಿಯೂ ಕೀ ಫ್ಯಾಕ್ಟರಿ ನಿರಾಕರಿಸಿದರೆ ಪಿಕೆಸಿಎಸ್ 1 ಮೇಲೆ ಅನುಮಾನ ಪಡಿ. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣ ಒಂದೇ ಆದೇಶದಲ್ಲಿ ಅದನ್ನು ಎಕ್ಸ್ 509ಕ್ಕೆ ಬದಲಿಸಿಕೊಡುತ್ತದೆ. ಪೈಥಾನಿನ ಕ್ರಿಪ್ಟೋಗ್ರಫಿ ಲೈಬ್ರರಿಗೆ ಇಷ್ಟೆಲ್ಲ ಬೇಡ, ತಲೆಸಾಲಿನ ಸಮೇತ ಪೂರ್ತಿ ಫೈಲನ್ನು ಬೈಟುಗಳಾಗಿ ಕೊಡಿ. ಅಲ್ಲಿ ತಲೆಸಾಲು ಕಿತ್ತರೇ ತೊಂದರೆ.

ಲೋಡ್ ಆಯಿತೆಂದರೆ ಕೀ ಕಳಿಸಿದವರದ್ದೇ ಎಂದು ಸಾಬೀತಾಗುವುದಿಲ್ಲ. ಎಸ್‌ಎಚ್‌ಎ 256 ಫಿಂಗರ್‌ಪ್ರಿಂಟ್, ಅಂದರೆ ಕೀಯಿಂದ ಲೆಕ್ಕಹಾಕಿದ ಚಿಕ್ಕ ಗುರುತು, ತೆಗೆದು, ಕೀ ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ, ಫೋನಿನಲ್ಲಾದರೂ ಸರಿ, ತಾಳೆ ನೋಡಿ. ಫಿಂಗರ್‌ಪ್ರಿಂಟನ್ನು ಡಿಕೋಡ್ ಆದ ಎಕ್ಸ್ 509 ಬೈಟುಗಳ ಮೇಲೆ ತೆಗೆಯುವುದೆಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಟೆಕ್ಸ್ಟ್ ಫೈಲಿನ ಮೇಲೆ ತೆಗೆದರೆ, ವಿಂಡೋಸ್ ಮತ್ತು ಲಿನಕ್ಸ್ ಸಾಲು ಮುರಿಯುವ ರೀತಿ ಬೇರೆಯಾದ್ದರಿಂದ, ಒಂದೇ ಕೀಗೆ ಎರಡು ಫಿಂಗರ್‌ಪ್ರಿಂಟ್ ಬರಬಹುದು. ನಮಸ್ಕಾರ.