ಬಾಳೆನಾರಿನಲ್ಲಿ ಅಳೆದ ಅಮೆರಿಕದ ದಾರಿ

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕ ಮಗಳ ಬಾಣಂತನಕ್ಕೆ ಅಂತ ಕಾರವಾರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಳು. ಮೊದಲ ವಿಮಾನ ಪ್ರಯಾಣ. ಇಳಿದವಳೇ ಫೋನ್ ಮಾಡಿದಳು. "ಗೋಡೆ ಮ್ಯಾಪಿನಲ್ಲಿ ಅಮೆರಿಕ ಎಡಗಡೆ ಇದೆ, ಅಲ್ವಾ? ನಮ್ಮ ವಿಮಾನ ಬಲಗಡೆ ಚೀನಾದ ದಿಕ್ಕಿಗೆ ಹೊರಟಿತು. ದಾರಿ ತಪ್ಪಿತೇನೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ!"

ಅವಳ ಪ್ರಶ್ನೆಗಾಗಿಯೇ ಇವತ್ತು ಈ ಚಕ್ಕೋತ ಹಣ್ಣು ತಂದಿದ್ದೇನೆ. ತೊಟ್ಟು ಉತ್ತರ ಧ್ರುವ ಅಂದುಕೊಳ್ಳಿ. ಇಲ್ಲಿ ಚುಚ್ಚಿದ ಲವಂಗ ಬೆಂಗಳೂರು. ಹಣ್ಣು ತಿರುಗಿಸಿದರೆ ಆಚೆ ಬದಿಯಲ್ಲಿ ಇನ್ನೊಂದು ಲವಂಗ, ಅದು ಸ್ಯಾನ್ ಫ್ರಾನ್ಸಿಸ್ಕೋ. ಎರಡರ ನಡುವೆ ಹೂ ಕಟ್ಟುವ ಬಾಳೆನಾರನ್ನು ಸಡಿಲ ಬಿಡದೆ ಎಳೆಯುತ್ತೇನೆ. ನೋಡಿ, ನಾರು ಹಣ್ಣಿನ ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ. ಜಾರಿ ಮೇಲಕ್ಕೆ ಹೋಗಿ ತೊಟ್ಟಿನ ಹತ್ತಿರದಿಂದ ಹಾಯುತ್ತದೆ. ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ. ಉದ್ದ ಸುಮಾರು 14,000 ಕಿ.ಮೀ. ಚಪ್ಪಟೆ ಮ್ಯಾಪು ನೋಡಿ ಬೆಳೆದ ಕಣ್ಣಿಗೆ ಇದು ಸುತ್ತು ದಾರಿ ಅನಿಸುತ್ತದೆ, ಅಷ್ಟೇ.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಟಿಕೆಟ್ಟಿನಲ್ಲಿರುವ ಹೊತ್ತು ಗೇಟು ಬಿಟ್ಟಲ್ಲಿಂದ ಗೇಟು ಸೇರುವ ತನಕದ್ದು. ಏರಬೇಕು, ಇಳಿಯಬೇಕು, ರನ್‌ವೇಗೆ ಕಾಯಬೇಕು. ಹದಿನಾರು ದಾಟುತ್ತದೆ.

ಇನ್ನು ಗಾಳಿ. ಇದು ನನಗೆ ಬಹಳ ಇಷ್ಟದ ವಿಷಯ. ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಹೊಳೆಯ ಹಾಗೆ ಹರಿಯುತ್ತದೆ. ಅಕ್ಕನ ವಿಮಾನ ಚೀನಾದ ದಿಕ್ಕಿಗೆ ಹೊರಟದ್ದು ಈ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಲು. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ದಾರಿ 15,300 ಕಿ.ಮೀ. ಆಯಿತು. ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು! 1,400 ಕಿ.ಮೀ. ಜಾಸ್ತಿ ಹಾರಿ ಸುಮಾರು ಎರಡು ಗಂಟೆ ಉಳಿಸಿದರು. ನಮ್ಮ ಕಾರವಾರದ ಬೈತಖೋಲ ಬಂದರಿನ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಎದುರಿಗಿದ್ದರೆ ಅಷ್ಟೇ ದೂರಕ್ಕೆ ಎಷ್ಟು ಡೀಸೆಲ್ ಸುಡುತ್ತದೆ ಅಂತ ಅವರಿಗೆ ಗೊತ್ತು. ಅಂದಹಾಗೆ, ಪೈಲಟ್ ದೂರ ಅಳೆಯುವುದೂ ನಮ್ಮ ಬೋಟಿನವರ ನಾಟಿಕಲ್ ಮೈಲಿನಲ್ಲೇ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಗಡಿಯಾರದ ಲೆಕ್ಕ ಬೇರೆ. ಬೇಸಿಗೆಯಲ್ಲಿ ಅಲ್ಲಿನ ಗಂಟೆ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ತಾಸು ಹಾರಿದರೆ, ಅಲ್ಲಿ ಇಳಿಯುವಾಗ ಸೋಮವಾರವೇ ಸಂಜೆ ಐದೂವರೆ.

ಆದರೆ ಅಕ್ಕನ ಪ್ರಯಾಣ ಶುರುವಾದದ್ದು ಬೆಂಗಳೂರಿನಲ್ಲಲ್ಲ, ಇಲ್ಲಿ. ಕಾರವಾರದಿಂದ ಬೆಂಗಳೂರಿಗೆ ಇದೇ ನಾರು ಹಿಡಿದರೆ ಸುಮಾರು 425 ಕಿ.ಮೀ. ಪಂಚಗಂಗಾ ರೈಲು ಮಂಗಳೂರಿನ ತನಕ ಕರಾವಳಿಯಲ್ಲೇ ಇಳಿದು, ಸುಬ್ರಹ್ಮಣ್ಯ–ಸಕಲೇಶಪುರ ಘಾಟಿ ಹತ್ತಿ ಹೋಗಬೇಕು. ಸಂಜೆ ಕೂತವರಿಗೆ ಬೆಂಗಳೂರು ಸಿಗುವುದು ಮರುದಿನ ಬೆಳಗ್ಗೆ. ಅಷ್ಟು ಹೊತ್ತಿನಲ್ಲಿ ವಿಮಾನ ಪೆಸಿಫಿಕ್ ಮೇಲೆ ಬಹಳ ದೂರ ಹೋಗಿರುತ್ತದೆ. ಹಾಗಾಗಿ ಯಾರಾದರೂ "ಅಮೆರಿಕ ಎಷ್ಟು ತಾಸು?" ಅಂದರೆ ನಾನು ಮನೆ ಬಾಗಿಲಿನಿಂದಲೇ ಎಣಿಸುತ್ತೇನೆ.

ಹಣ್ಣು, ನಾರು ಎರಡನ್ನೂ ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಭಟ್ಕಳದ ಕಡೆಯವರಿದ್ದರೆ ದುಬೈಗೆ ಎಳೆದು ನೋಡಿ.